ಸಯನ್‌ಗೆ ಕಳಿಸಲಾಗದ ದಿನಗಳು: ಠಾಣೆ ಜಿಲ್ಲೆಯ ತುರ್ತು ವಿಭಾಗಗಳು, 2020–22

ಮುಂಬೈಯ ಅಂಚಿನಲ್ಲಿ ಬೆಳೆದ ಠಾಣೆ, ಕಲ್ಯಾಣ, ಡೊಂಬಿವಲಿ ಮತ್ತು ನವಿಮುಂಬೈಗಳಲ್ಲಿ ಜನ ಹೆಚ್ಚಿದ ವೇಗಕ್ಕೆ ಆಸ್ಪತ್ರೆಗಳು ಹೆಚ್ಚಲಿಲ್ಲ. 2011ರ ಜನಗಣತಿಯ ಪ್ರಕಾರ ಠಾಣೆ ನಗರದಲ್ಲಿ 18 ಲಕ್ಷ, ಕಲ್ಯಾಣ-ಡೊಂಬಿವಲಿಯಲ್ಲಿ 12 ಲಕ್ಷ, ನವಿಮುಂಬೈಯಲ್ಲಿ 11 ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಇಷ್ಟು ಜನರಿಗೆ ಅಪರಾತ್ರಿಯಲ್ಲಿ ಹಣ ಕೇಳದೆ ತೆರೆಯುವ ಬಾಗಿಲುಗಳು ಕೆಲವೇ. ಠಾಣೆಯಲ್ಲಿ ಜನ ‘ಸಿವಿಲ್’ ಎಂದು ಕರೆಯುವ ವಿಠ್ಠಲ ಸಾಯನ್ನ ಜಿಲ್ಲಾ ಆಸ್ಪತ್ರೆ, ಖಾಡಿಯ ಆಚೆ ಠಾಣೆ ಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ (ಕಲ್ವಾ ಆಸ್ಪತ್ರೆ ಎಂದರೇ ಎಲ್ಲರಿಗೂ ಗೊತ್ತು), ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ, ವಾಶಿಯ ಪಾಲಿಕೆ ಆಸ್ಪತ್ರೆ ಇವುಗಳಲ್ಲಿ ಮುಖ್ಯವಾದವು. ಇವುಗಳ ಕ್ಯಾಜುವಾಲ್ಟಿಯಲ್ಲಿ ಹೊಲಿಗೆ ಹಾಕುವುದು, ಸಲೈನ್ ಏರಿಸುವುದು, ಪೊಲೀಸ್ ಕೇಸಿನ ಕಾಗದ ತುಂಬುವುದು ನಡೆಯುತ್ತಿತ್ತು. ತಲೆಗೆ ಪೆಟ್ಟು, ವೆಂಟಿಲೇಟರ್ ಬೇಕಾದ ಉಸಿರಾಟ, ಕಷ್ಟದ ಹೆರಿಗೆ ಎಂದಾಗ ಚೀಟಿಯ ಮೇಲೆ ಬರೆಯುತ್ತಿದ್ದುದು ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯ ಹೆಸರು, ಅಲ್ಲವಾದರೆ ಪರೇಲಿನ ಕೆಇಎಂ. ಲೋಕಲ್ ರೈಲು ಮತ್ತು ಈ ಚೀಟಿ, ಇವೆರಡರ ಮೇಲೆ ಜಿಲ್ಲೆಯ ತುರ್ತು ಚಿಕಿತ್ಸೆ ನಿಂತಿತ್ತು. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಎರಡೂ ಒಂದರ ಹಿಂದೊಂದು ಕೈಕೊಟ್ಟವು.

ಮಹಾರಾಷ್ಟ್ರದ ಮೊದಲ ಕೋವಿಡ್ ಪ್ರಕರಣಗಳು ಮಾರ್ಚ್ 9ರಂದು ಪುಣೆಯಲ್ಲಿ ದೃಢಪಟ್ಟವು. ಆ ವಾರ ಮುಗಿಯುವುದರೊಳಗೆ ರಾಜ್ಯ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಜಾರಿಗೆ ತಂದಿತು. ಮುಂಬೈಯ ಪ್ಲೇಗಿನ ಕಾಲದಲ್ಲಿ ಬ್ರಿಟಿಷರು ಅವಸರದಲ್ಲಿ ಮಾಡಿದ ಕಾಯ್ದೆ ಅದು. ಕಟ್ಟಡವನ್ನು, ಮನುಷ್ಯನನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಅದರಲ್ಲಿ ಧಾರಾಳವಾಗಿದೆ, ಚಿಕಿತ್ಸೆ ಹೇಗಿರಬೇಕೆಂಬ ಮಾತು ಅಷ್ಟಾಗಿ ಇಲ್ಲ. ಮಾರ್ಚ್ 22ರ ಜನತಾ ಕರ್ಫ್ಯೂ ಹೊತ್ತಿಗೆ ಲೋಕಲ್ ರೈಲು ನಿಂತಿತು. 25ರಿಂದ ದೇಶವೇ ಬಂದ್ ಆಯಿತು.

ಮೊದಲ ದಿನಗಳಲ್ಲಿ ಜಿಲ್ಲೆಯ ಆಸ್ಪತ್ರೆಗಳು ಹಳೆಯ ಅಭ್ಯಾಸವನ್ನೇ ಮುಂದುವರಿಸಿದವು: ಸಂಶಯ ಬಂದವರನ್ನು ಚಿಂಚ್‌ಪೋಕ್ಲಿಯ ಕಸ್ತೂರ್ಬಾ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ಕಳಿಸುವುದು. ಕಸ್ತೂರ್ಬಾ ತುಂಬಲು ಹೆಚ್ಚು ದಿನ ಹಿಡಿಯಲಿಲ್ಲ. ಏಪ್ರಿಲ್‌ನಲ್ಲಿ ಸಯನ್, ಕೆಇಎಂಗಳೂ ತುಂಬಿದವು. ಇನ್ನು ಕಳಿಸುವ ಜಾಗ ಇರಲಿಲ್ಲ.

ಏಪ್ರಿಲ್ 7ರಂದು ಕೇಂದ್ರ ಆರೋಗ್ಯ ಸಚಿವಾಲಯ ಮೂರು ಹಂತದ ವ್ಯವಸ್ಥೆಯನ್ನು ಪ್ರಕಟಿಸಿತು. ಸೌಮ್ಯ ಲಕ್ಷಣದವರಿಗೆ ಕೋವಿಡ್ ಕೇರ್ ಸೆಂಟರ್, ಆಮ್ಲಜನಕ ಬೇಕಾದವರಿಗೆ ಕೋವಿಡ್ ಹೆಲ್ತ್ ಸೆಂಟರ್, ತೀವ್ರ ರೋಗಿಗಳಿಗೆ ಕೋವಿಡ್ ಆಸ್ಪತ್ರೆ. ಇದರಂತೆ ಠಾಣೆಯ ಸಿವಿಲ್, ವಾಶಿಯ ಪಾಲಿಕೆ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಪೂರ್ತಿ ಕೋವಿಡ್‌ಗೆ ಮೀಸಲಾದವು. ಕಾಗದದಲ್ಲಿ ಇದು ಅಚ್ಚುಕಟ್ಟಾದ ಏರ್ಪಾಡು. ಆದರೆ ಜಿಲ್ಲೆಯ ದೊಡ್ಡ ತುರ್ತು ವಿಭಾಗಗಳು ಒಂದೊಂದಾಗಿ ಉಳಿದೆಲ್ಲ ಕಾಯಿಲೆಗಳಿಗೆ ಬಾಗಿಲು ಹಾಕಿಕೊಂಡವು. ಹಾವು ಕಚ್ಚಿದವರು, ಸುಟ್ಟವರು, ಹೆರಿಗೆ ನೋವಿನವರು, ಎದೆನೋವಿನವರು ಎಲ್ಲರೂ ಕಲ್ವಾ ಆಸ್ಪತ್ರೆಯತ್ತ ಹೊರಳಿದರು. ನವಿಮುಂಬೈಯಲ್ಲಿ ಆ ಭಾರದ ಒಂದು ಪಾಲನ್ನು ನೆರೂಳಿನ ಡಿ.ವೈ. ಪಾಟೀಲ್ ಆಸ್ಪತ್ರೆ ಹೊತ್ತಿತು.

ಕ್ಯಾಜುವಾಲ್ಟಿಯ ಒಳಗಿನ ಕೆಲಸದ ಕ್ರಮವೂ ತಲೆಕೆಳಗಾಯಿತು. ತುರ್ತು ವೈದ್ಯಕೀಯದ ಹಳೆಯ ನಿಯಮ ಸರಳ: ಬಂದವರಲ್ಲಿ ಯಾರ ಜೀವಕ್ಕೆ ಅಪಾಯ ಹೆಚ್ಚೋ ಅವರು ಮೊದಲು. ಈಗ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಬಂತು, ಈ ರೋಗಿಗೆ ಸೋಂಕಿದೆಯೇ? ಉತ್ತರಕ್ಕೆ ಆರ್‌ಟಿ-ಪಿಸಿಆರ್ ವರದಿ ಬೇಕು. ಮೊದಲ ತಿಂಗಳುಗಳಲ್ಲಿ ಅದಕ್ಕೆ ಒಂದು ದಿನ, ಕೆಲವೊಮ್ಮೆ ಎರಡು ಮೂರು ದಿನ ಕಾಯಬೇಕಿತ್ತು. ಮೆದುಳಿಗೆ ರಕ್ತ ನಿಂತವನು ಅಷ್ಟು ಹೊತ್ತು ಕಾಯುವಂತಿಲ್ಲ. ಹಾಗಾಗಿ ಆಸ್ಪತ್ರೆಗಳು ಗೇಟಿನ ಹೊರಗೇ ಜ್ವರದ ಒಪಿಡಿ ತೆರೆದವು. ಒಳಗೆ ‘ಪಾಸಿಟಿವ್’, ‘ಸಂಶಯಿತ’, ‘ಇತರೆ’ ಎಂದು ಮೂರು ದಾರಿಗಳಾದವು. ನಡುವಿನ ಸಂಶಯಿತರ ವಾರ್ಡೇ ಎಲ್ಲಕ್ಕಿಂತ ಅಪಾಯದ ಜಾಗ. ಸೋಂಕಿದ್ದವರೂ ಇಲ್ಲದವರೂ ವರದಿ ಬರುವ ತನಕ ಅಲ್ಲಿ ಅಕ್ಕಪಕ್ಕ ಮಲಗಬೇಕಿತ್ತು. ಜೂನ್ 2020ರಲ್ಲಿ ಐಸಿಎಂಆರ್ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟ ಮೇಲೆ ಅರ್ಧ ಗಂಟೆಯೊಳಗೆ ಒಂದು ಉತ್ತರವಾದರೂ ಸಿಗತೊಡಗಿತು. ನೆಗೆಟಿವ್ ಬಂದರೂ ಪೂರ್ತಿ ನಂಬುವಂತಿರಲಿಲ್ಲ, ಆದರೂ ಬಾಗಿಲಲ್ಲಿ ಜನ ನಿಲ್ಲುವುದು ತಗ್ಗಿತು. ನವಿಮುಂಬೈ ಪಾಲಿಕೆ ಆಗಸ್ಟ್‌ನಲ್ಲಿ ನೆರೂಳಿನ ತನ್ನ ಆಸ್ಪತ್ರೆಯಲ್ಲಿಯೇ ಆರ್‌ಟಿ-ಪಿಸಿಆರ್ ಪ್ರಯೋಗಾಲಯ ಆರಂಭಿಸಿತು. ಹಾಸಿಗೆ ಹೆಚ್ಚಿಸಿದ್ದಕ್ಕಿಂತ ವರದಿ ಬೇಗ ಬಂದದ್ದರಿಂದ ತುರ್ತು ವಿಭಾಗಗಳಿಗೆ ಆದ ಅನುಕೂಲ ದೊಡ್ಡದು. ಉದ್ಘಾಟನೆಯ ಫೋಟೋಗಳಲ್ಲಿ ಕಾಣುವುದು ಮಾತ್ರ ಹಾಸಿಗೆಗಳೇ.

ವೈದ್ಯರ ಕೈಯ ಅಭ್ಯಾಸಗಳೂ ಬದಲಾದವು. ಉಬ್ಬಸದ ರೋಗಿಗೆ ತಕ್ಷಣ ನೆಬ್ಯುಲೈಸರ್ ಹಚ್ಚುವುದು ಎಲ್ಲ ಕ್ಯಾಜುವಾಲ್ಟಿಗಳ ರೂಢಿ. ವೈರಾಣು ಗಾಳಿಗೆ ಹರಡೀತೆಂದು ಅದನ್ನು ಬಿಟ್ಟು ಸ್ಪೇಸರ್ ಜೋಡಿಸಿದ ಇನ್‌ಹೇಲರ್ ಕೊಡತೊಡಗಿದರು. ಶ್ವಾಸನಾಳಕ್ಕೆ ಕೊಳವೆ ಇಳಿಸುವಾಗ ಕೋಣೆಯಲ್ಲಿ ಅಗತ್ಯಕ್ಕಿಂತ ಒಬ್ಬರೂ ಹೆಚ್ಚು ಇರುವಂತಿರಲಿಲ್ಲ. ಹೃದಯಾಘಾತದಲ್ಲಿ ಕ್ಯಾಥ್‌ಲ್ಯಾಬಿಗೆ ಒಯ್ಯುವ ಬದಲು ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಮೊದಲು ಕೊಡುವುದು ಹಲವೆಡೆ ಮತ್ತೆ ಬಳಕೆಗೆ ಬಂತು. ಪಿಪಿಇ ಕಿಟ್ ತೊಟ್ಟ ವೈದ್ಯರು, ನರ್ಸುಗಳು, ಅಲ್ಲಿನವರು ‘ಮಾಮಾ’, ‘ಮಾವಶಿ’ ಎಂದು ಕರೆಯುವ ವಾರ್ಡ್‌ಬಾಯ್, ಆಯಾಗಳು ಏಪ್ರಿಲ್-ಮೇ ಸೆಕೆಯಲ್ಲಿ ನೀರು ಕುಡಿಯದೆ, ಶೌಚಕ್ಕೆ ಹೋಗದೆ ಪಾಳಿ ಮುಗಿಸಬೇಕಿತ್ತು. ಸಂಬಂಧಿಕರಿಗೆ ಒಳಗೆ ಪ್ರವೇಶ ಇಲ್ಲದ್ದರಿಂದ ರೋಗಿಯ ಹಳೆಯ ಕಾಯಿಲೆ, ಮಾತ್ರೆಗಳ ವಿವರವನ್ನೆಲ್ಲ ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಕಾಯಿತು.

ಲಾಕ್‌ಡೌನ್‌ನಿಂದ ಒಂದು ಬಗೆಯ ರೋಗಿಗಳು ಬಹುಮಟ್ಟಿಗೆ ಇಲ್ಲವಾದರು. ಲೋಕಲ್‌ನಿಂದ ಬಿದ್ದವರು, ಹಳಿ ದಾಟುವಾಗ ಸಿಕ್ಕಿಬಿದ್ದವರು ಠಾಣೆ-ಕಲ್ಯಾಣ ಸಾಲಿನ ಆಸ್ಪತ್ರೆಗಳಿಗೆ ದಿನಂಪ್ರತಿಯ ಮಾತಾಗಿದ್ದರು. ರೈಲು ನಿಂತ ಮೇಲೆ ಅವರು ಬರಲಿಲ್ಲ. ಆದರೆ ಬರಲೇಬೇಕಿದ್ದವರೂ ಬರಲಿಲ್ಲ. ದೇಶದ ನೂರಾರು ಆಸ್ಪತ್ರೆಗಳಲ್ಲಿ ಹೃದಯತಜ್ಞರು ನಡೆಸಿದ ಅಧ್ಯಯನದ ಪ್ರಕಾರ, ಮೊದಲ ಲಾಕ್‌ಡೌನ್ ಅವಧಿಯಲ್ಲಿ ಹೃದಯಾಘಾತದಿಂದ ದಾಖಲಾದವರ ಸಂಖ್ಯೆ ಹಿಂದಿನ ವರ್ಷಕ್ಕೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಹೃದಯಾಘಾತ ಅಷ್ಟು ಕಡಿಮೆಯಾಯಿತೆಂದು ನಂಬುವುದು ಕಷ್ಟ. ಅನೇಕರು ಮನೆಯಲ್ಲೇ ಉಳಿದರು, ಕೆಲವರನ್ನು ಬಾಗಿಲಿನಿಂದಲೇ ಕಳಿಸಲಾಯಿತು. ಮೇ 2020ರಲ್ಲಿ ಮುಂಬ್ರಾದ ಗರ್ಭಿಣಿಯೊಬ್ಬರನ್ನು ಮೂರು ಖಾಸಗಿ ಆಸ್ಪತ್ರೆಗಳು ಸೇರಿಸಿಕೊಳ್ಳಲಿಲ್ಲ. ಅವರು ಆಟೊರಿಕ್ಷಾದಲ್ಲೇ ತೀರಿಕೊಂಡರು. ಪೊಲೀಸರು ಪ್ರಕರಣ ದಾಖಲಿಸಿಕೊಂಡರು. ಸಾಂಕ್ರಾಮಿಕದ ಲೆಕ್ಕದ ಪಟ್ಟಿಗಳಲ್ಲಿ ಇಂಥ ಸಾವುಗಳಿಗೆ ಅಂಕಣವಿಲ್ಲ.

ಇದೇ ಹೊತ್ತಿನಲ್ಲಿ ಕನ್ನಡನಾಡಿನ ಅಂಚಿನಲ್ಲೂ ಇದೇ ಕಥೆ ಬೇರೆ ರೂಪದಲ್ಲಿ ನಡೆಯುತ್ತಿತ್ತು. ಠಾಣೆಗೆ ಮುಂಬೈ ಹೇಗೋ ಕಾಸರಗೋಡಿಗೆ ಮಂಗಳೂರು ಹಾಗೆ. ಮಾರ್ಚ್ 2020ರಲ್ಲಿ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು, ಒಳರಸ್ತೆಗಳಿಗೂ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಗಡಿಯಾಚೆಯ ರೋಗಿಗಳು ದಾರಿಯಲ್ಲೇ ಉಳಿದರು, ಸಾವುಗಳೂ ಆದವು. ವಿಷಯ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಏಪ್ರಿಲ್‌ನಲ್ಲಿ ತುರ್ತು ರೋಗಿಗಳನ್ನು ಬಿಡುವ ಏರ್ಪಾಡಾಯಿತು. ಕಾಸರಗೋಡಿನಲ್ಲಿ ದಾರಿ ಕಡಿದದ್ದು ರಾಜ್ಯದ ಗಡಿ, ಠಾಣೆಯಲ್ಲಿ ನಿಂತುಹೋದ ರೈಲು. ಎರಡೂ ಕಡೆ ಬಯಲಾದದ್ದು ನೆರೆಯ ದೊಡ್ಡ ಊರಿದೆಯೆಂಬ ಧೈರ್ಯದಲ್ಲಿ ತನ್ನದೆಂಬ ಆಸ್ಪತ್ರೆ ಕಟ್ಟದೆ ಉಳಿದ ಜಿಲ್ಲೆಯ ಬಡತನ.

ಮುಂಬೈ ಮತ್ತು ಅದರ ಉಪನಗರಗಳ ನಡುವಿನ ನಂಟು ಒಮ್ಮುಖವಾಗಿರಲಿಲ್ಲ. ಮುಂಬೈಯ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸುಗಳು, ತಂತ್ರಜ್ಞರು, ಬೆಸ್ಟ್ ಬಸ್ಸಿನ ನೌಕರರು, ಪೊಲೀಸರು ಬಹುಸಂಖ್ಯೆಯಲ್ಲಿ ವಾಸವಿದ್ದುದು ಕಲ್ಯಾಣ-ಡೊಂಬಿವಲಿಯಲ್ಲಿ. ಅವರ ಜೊತೆ ಸೋಂಕೂ ಮನೆಗೆ ಬರುತ್ತಿದೆ ಎಂದು ಕಲ್ಯಾಣ-ಡೊಂಬಿವಲಿ ಪಾಲಿಕೆ ಮೇ 8ರಿಂದ ಅವರ ದಿನನಿತ್ಯದ ಓಡಾಟಕ್ಕೆ ತಡೆ ಹಾಕಲು ಹೊರಟಿತು; ಮುಂಬೈಯಲ್ಲೇ ಉಳಿದುಕೊಳ್ಳಲಿ ಎಂಬುದು ಅದರ ವಾದ. ವಿರೋಧ ಬಂದು ಆದೇಶ ಹಿಂದೆ ಸರಿಯಿತು. ಅದು ಜಾರಿಯಾಗಿದ್ದರೆ ಮುಂಬೈಯ ತುರ್ತು ವಿಭಾಗಗಳಿಗೆ ಪಾಳಿ ನಡೆಸಲು ಜನರೇ ಸಾಲುತ್ತಿರಲಿಲ್ಲ. ಜೂನ್ 15ರಿಂದ ಅಗತ್ಯ ಸೇವೆಯವರಿಗೆಂದು ಲೋಕಲ್ ರೈಲು ಮತ್ತೆ ಓಡಿತು.

ಈ ಊರುಗಳ ಕನ್ನಡಿಗರು, ತುಳುವರಲ್ಲಿ ಹೋಟೆಲುಗಳಲ್ಲಿ ದುಡಿಯುತ್ತಿದ್ದವರು ಆ ಮೇ ತಿಂಗಳಲ್ಲಿ ಸೇವಾ ಸಿಂಧು ಪಾಸ್ ಹಿಡಿದು ಊರಿಗೆ ಹೊರಟರು. ಉಡುಪಿ, ಮಂಡ್ಯಗಳಲ್ಲಿ ಪ್ರಕರಣಗಳು ಏಕಾಏಕಿ ಏರಿದ್ದು ಮಹಾರಾಷ್ಟ್ರದಿಂದ ಮರಳಿದವರಿಂದ. ಮೇ 18ರಂದು ಕರ್ನಾಟಕ ಮಹಾರಾಷ್ಟ್ರವೂ ಸೇರಿ ಕೆಲವು ರಾಜ್ಯಗಳಿಂದ ಬರುವವರನ್ನು ತಿಂಗಳ ಕೊನೆಯವರೆಗೆ ತಡೆಯಿತು. ಊರಲ್ಲೂ ಜಾಗವಿಲ್ಲ, ಇಲ್ಲೂ ಹಾಸಿಗೆಯಿಲ್ಲ ಎಂಬ ಇಕ್ಕಟ್ಟಿನಲ್ಲಿ ಅನೇಕ ಸಂಸಾರಗಳು ಡೊಂಬಿವಲಿಯ ಒಂದು ಕೋಣೆಯ ಮನೆಗಳಲ್ಲೇ ಮಳೆಗಾಲ ಕಳೆದವು.

ಹಾಸಿಗೆಗಾಗಿ ಪಾಲಿಕೆಗಳು ಆಸ್ಪತ್ರೆಯಲ್ಲದ ಕಟ್ಟಡಗಳತ್ತ ನೋಡಿದವು. ಭಿವಂಡಿ ಬಳಿ ರಾಂಜ್ನೋಳಿಯ ಟಾಟಾ ಅಮಂತ್ರಾ ವಸತಿ ಸಮುಚ್ಚಯ ಕೋವಿಡ್ ಕೇರ್ ಸೆಂಟರ್ ಆಯಿತು. ಠಾಣೆಯ ಬಾಳ್ಕುಮ್‌ನ ಗ್ಲೋಬಲ್ ಹಬ್ ಕಟ್ಟಡದಲ್ಲಿ ಎದ್ದ 1,024 ಹಾಸಿಗೆಗಳ ಆಸ್ಪತ್ರೆಯನ್ನು ಜೂನ್ 2020ರಲ್ಲಿ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಉದ್ಘಾಟಿಸಿದರು. ವಾಶಿಯ ಸಿಡ್ಕೊ ಪ್ರದರ್ಶನ ಕೇಂದ್ರದಲ್ಲಿ ಮಳಿಗೆಗಳ ಜಾಗಕ್ಕೆ ಮಂಚಗಳು ಬಂದವು. ಡೊಂಬಿವಲಿಯಲ್ಲಿ ಸಾವಳಾರಾಂ ಮಹಾರಾಜ ಮ್ಹಾತ್ರೆ ಕ್ರೀಡಾ ಸಂಕುಲ, ಕಲ್ಯಾಣದ ಲಾಲ್ ಚೌಕಿಯಲ್ಲಿ ಆರ್ಟ್ ಗ್ಯಾಲರಿ, ಮುಂದೆ ಠಾಣೆಯ ಪಾರ್ಕಿಂಗ್ ಪ್ಲಾಜಾ ಇದೇ ಸಾಲಿಗೆ ಸೇರಿದವು. ಇಂಥ ಜಾಗಗಳಲ್ಲಿ ಹಾಸಿಗೆ ಹಾಕುವುದು ವಾರಗಳ ಕೆಲಸ. ಆಮ್ಲಜನಕದ ಕೊಳವೆ, ತೀವ್ರ ನಿಗಾ ಘಟಕ, ಅದನ್ನು ನಡೆಸಬಲ್ಲ ವೈದ್ಯರು ಅಷ್ಟು ಬೇಗ ಸಿಗುವುದಿಲ್ಲ. ನವಿಮುಂಬೈ ಪಾಲಿಕೆ ಐಸಿಯು ಹಾಸಿಗೆಗಳಿಗಾಗಿ ಡಿ.ವೈ. ಪಾಟೀಲ್ ಆಸ್ಪತ್ರೆಯೊಡನೆ ಒಪ್ಪಂದ ಮಾಡಿಕೊಂಡದ್ದು ಈ ಕಾರಣಕ್ಕೇ.

ಖಾಸಗಿ ಆಸ್ಪತ್ರೆಗಳ ಮಾತು ಬೇರೆ. ಮೇ 21ರ ಅಧಿಸೂಚನೆಯ ಮೂಲಕ ರಾಜ್ಯ ಅವುಗಳ ಶೇ 80ರಷ್ಟು ಹಾಸಿಗೆಗಳ ದರ ಗೊತ್ತುಮಾಡಿತು: ವಾರ್ಡಿಗೆ ದಿನಕ್ಕೆ 4,000 ರೂಪಾಯಿ, ಐಸಿಯುಗೆ 7,500, ವೆಂಟಿಲೇಟರ್ ಸಹಿತ 9,000. ಪಿಪಿಇ, ದುಬಾರಿ ಔಷಧಗಳು ಇದರಾಚೆಗೆ ಉಳಿದದ್ದರಿಂದ ಬಿಲ್ಲಿನ ಜಗಳ ನಿಲ್ಲಲಿಲ್ಲ. ಪಾಲಿಕೆಗಳು ಬಿಲ್ ತಪಾಸಣೆಗೆ ಲೆಕ್ಕಪರಿಶೋಧಕರನ್ನು ಕೂರಿಸಬೇಕಾಯಿತು.

ಜುಲೈ 2020ರಲ್ಲಿ ಸೋಂಕು ಮುಂಬೈಯಿಂದ ಜಾರಿ ಉಪನಗರಗಳಲ್ಲಿ ನೆಲೆಯೂರಿತು. ತಿಂಗಳ ಆರಂಭದಲ್ಲಿ ಠಾಣೆ, ಕಲ್ಯಾಣ-ಡೊಂಬಿವಲಿ, ನವಿಮುಂಬೈಗಳು ಮತ್ತೆ ಲಾಕ್‌ಡೌನ್ ಹೇರಿದವು. ಮಳೆಗಾಲದ ಮಲೇರಿಯಾ, ಡೆಂಗಿ, ಇಲಿಜ್ವರಗಳೂ ಆಗಲೇ ಕಾಣಿಸಿಕೊಂಡದ್ದರಿಂದ ಜ್ವರದ ಒಪಿಡಿಯಲ್ಲಿ ಯಾವುದು ಯಾವುದೆಂದು ಬೇರ್ಪಡಿಸುವುದೇ ಕಷ್ಟವಾಯಿತು. ಈ ಹಂತದಲ್ಲಿ ಕಲ್ಯಾಣ-ಡೊಂಬಿವಲಿ ಹಿಡಿದ ದಾರಿ ಗಮನಾರ್ಹ. ದೊಡ್ಡ ಆಸ್ಪತ್ರೆಯಿಲ್ಲದ ಈ ಪಾಲಿಕೆ, ಆಯುಕ್ತ ಡಾ. ವಿಜಯ್ ಸೂರ್ಯವಂಶಿ ಅವರ ಅವಧಿಯಲ್ಲಿ, ವೈದ್ಯರ ಸಂಘವಾದ ಐಎಂಎ ಮತ್ತು ಓಣಿಯ ಫ್ಯಾಮಿಲಿ ಡಾಕ್ಟರುಗಳನ್ನು ಜೊತೆಗೆ ಸೇರಿಸಿಕೊಂಡಿತು. ಜ್ವರದವರನ್ನು ಮೊದಲು ನೋಡುವವರು ಅವರೇ. ಪಲ್ಸ್ ಆಕ್ಸಿಮೀಟರ್ ಹಚ್ಚಿ, ಆರು ನಿಮಿಷ ನಡೆಸಿ, ಅಂಕಿ 94ಕ್ಕಿಂತ ಕೆಳಗಿಳಿದರೆ ಮಾತ್ರ ಆಸ್ಪತ್ರೆಗೆ ಕಳಿಸುವ ಕೆಲಸ ಓಣಿಯಲ್ಲೇ ಆಗಬಹುದಿತ್ತು. ಏದುಸಿರಿಲ್ಲದೆಯೇ ರಕ್ತದ ಆಮ್ಲಜನಕ ಕುಸಿಯುವ ಕಾಯಿಲೆಯಲ್ಲಿ ಈ ಮೊದಲ ಜರಡಿಯೇ ಕ್ಯಾಜುವಾಲ್ಟಿಯನ್ನು ಉಳಿಸುವಂಥದ್ದು. ಕೇಂದ್ರ ಸರ್ಕಾರದ 2020ರ ಸ್ಮಾರ್ಟ್ ಸಿಟಿ ಪ್ರಶಸ್ತಿಗಳಲ್ಲಿ ಕೋವಿಡ್ ನಾವೀನ್ಯ ಪ್ರಶಸ್ತಿಯನ್ನು ಕಲ್ಯಾಣ-ಡೊಂಬಿವಲಿ ವಾರಾಣಸಿಯೊಡನೆ ಹಂಚಿಕೊಂಡಿತು.

2021ರ ಮಾರ್ಚ್-ಏಪ್ರಿಲ್‌ನ ಎರಡನೇ ಅಲೆಯಲ್ಲಿ ಪ್ರಶ್ನೆ ಹಾಸಿಗೆಯಿಂದ ಆಮ್ಲಜನಕಕ್ಕೆ ತಿರುಗಿತು. ಏಪ್ರಿಲ್ 18ರಂದು ಮಹಾರಾಷ್ಟ್ರದಲ್ಲಿ ಒಂದೇ ದಿನ 68,631 ಪ್ರಕರಣಗಳು ದಾಖಲಾದವು. ಕೊರತೆ ಯಾಕೆ ಅಷ್ಟು ಬೇಗ ಬಂತೆಂಬುದನ್ನು ಒಂದು ಸಣ್ಣ ಲೆಕ್ಕ ಹೇಳುತ್ತದೆ. ಆಸ್ಪತ್ರೆಯ ಜಂಬೊ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 5 ಲೀಟರ್ ಬೇಕಾದ ರೋಗಿಗೆ ಅದು ಹೆಚ್ಚುಕಡಿಮೆ ಒಂದು ದಿನ ಸಾಕು. ಮೂಗಿನ ಮೂಲಕ ಭಾರಿ ಪ್ರಮಾಣದಲ್ಲಿ ಹರಿಸುವ ಹೈ ಫ್ಲೋ ಯಂತ್ರ ನಿಮಿಷಕ್ಕೆ 60 ಲೀಟರ್ ಎಳೆದರೆ ಎರಡು ಗಂಟೆಯೊಳಗೆ ಖಾಲಿ. ಮೊದಲ ಅಲೆಯಲ್ಲಿ ವೈದ್ಯರು ಕಲಿತ ಪಾಠ ಏನೆಂದರೆ ಅವಸರದಿಂದ ವೆಂಟಿಲೇಟರಿಗೆ ಹಾಕದೆ ಹೈ ಫ್ಲೋ ಹಚ್ಚಿ, ರೋಗಿಯನ್ನು ಬೋರಲು ಮಲಗಿಸಿ ಕಾಯುವುದು. ಅದು ಒಳ್ಳೆಯ ಚಿಕಿತ್ಸೆಯೇ, ಆದರೆ ಆ ಯಂತ್ರ ಆಮ್ಲಜನಕವನ್ನು ಕುಡಿದುಬಿಡುತ್ತಿತ್ತು.

ಆ ಏಪ್ರಿಲ್‌ನಲ್ಲಿ ಠಾಣೆಯ ಪಾರ್ಕಿಂಗ್ ಪ್ಲಾಜಾದಲ್ಲಿ ಆಮ್ಲಜನಕ ಕಡಿಮೆಯಾಗಿ ರೋಗಿಗಳನ್ನು ಬಾಳ್ಕುಮ್‌ನ ಗ್ಲೋಬಲ್ ಹಬ್ ಆಸ್ಪತ್ರೆಗೆ ಸಾಗಿಸಬೇಕಾಯಿತು. ಏಪ್ರಿಲ್ 26ರಂದು ವರ್ತಕ್ ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲವರು ಸತ್ತಾಗ ಮನೆಯವರು ಆಮ್ಲಜನಕ ಕೊರತೆಯೇ ಕಾರಣವೆಂದು ಆರೋಪಿಸಿದರು, ತನಿಖೆಗೆ ಆದೇಶವಾಯಿತು. ಔಷಧದಂಗಡಿಗಳ ಮುಂದೆ ರೆಮ್‌ಡೆಸಿವಿರ್‌ಗಾಗಿ ಸಾಲು ನಿಂತಿತು. ಜೀವ ಉಳಿಸುವುದೆಂದು 2020ರ ಜೂನ್‌ನಲ್ಲೇ ಬ್ರಿಟನ್ನಿನ ಪ್ರಯೋಗದಲ್ಲಿ ಸಾಬೀತಾದ ಡೆಕ್ಸಾಮೆಥಾಸೋನ್ ಅಗ್ಗವಾಗಿ ಎಲ್ಲೆಡೆ ಸಿಗುತ್ತಿತ್ತು, ಅದಕ್ಕೆ ಸಾಲೂ ಇರಲಿಲ್ಲ, ಕಾಳಸಂತೆಯೂ ಇರಲಿಲ್ಲ.

ಆಮ್ಲಜನಕದ ರೈಲು ಮೊದಲು ಹೊರಟದ್ದು ನವಿಮುಂಬೈಯ ಕಳಂಬೋಳಿಯಿಂದ. ಏಪ್ರಿಲ್ 19ರ ರಾತ್ರಿ 7 ಖಾಲಿ ಟ್ಯಾಂಕರ್‌ಗಳನ್ನು ಹೊತ್ತ ‘ಆಕ್ಸಿಜನ್ ಎಕ್ಸ್‌ಪ್ರೆಸ್’ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯತ್ತ ಸಾಗಿತು. ಲಾರಿಯನ್ನೇ ವ್ಯಾಗನ್ ಮೇಲೆ ಹತ್ತಿಸಿ ಸಾಗಿಸುವ ರೋ-ರೋ ಪದ್ಧತಿ ಕೊಂಕಣ ರೈಲ್ವೆಯಲ್ಲಿ 1999ರಿಂದ ಇದೆ. ಕೋಲಾಡ್‌ನಿಂದ ಸುರತ್ಕಲ್‌ವರೆಗೆ ಹೀಗೆ ಹೋಗಿಬರುವ ಕರಾವಳಿಯ ಲಾರಿ ಚಾಲಕರಿಗೆ ಅದು ಹೊಸದಲ್ಲ. ತೊಡಕಿದ್ದುದು ಎತ್ತರದಲ್ಲಿ. ಸುರಂಗ, ಸೇತುವೆ, ಮೇಲಿನ ವಿದ್ಯುತ್ ತಂತಿಗಳ ಕೆಳಗೆ ಹಾಯಬಲ್ಲ, 3,320 ಮಿಲಿಮೀಟರ್ ಎತ್ತರದ ಟ್ಯಾಂಕರ್‌ಗಳನ್ನೇ ಆರಿಸಬೇಕಾಯಿತು. ಘಾಟಿಯ ಹತ್ತಿರದ ದಾರಿ ಬಿಟ್ಟು ವಸಾಯಿ, ಸೂರತ್ ಮೇಲೆ ಬಳಸಿ ಹೋಗಬೇಕಾಯಿತು. ತುಂಬಿದ ಟ್ಯಾಂಕರ್‌ಗಳು 23, 24ರಂದು ನಾಗಪುರ, ನಾಶಿಕಗಳಿಗೆ ತಲುಪಿದವು. ಗುಜರಾತಿನ ಹಾಪಾದಿಂದ ಮೂರು ಟ್ಯಾಂಕರ್‌ಗಳ ಇನ್ನೊಂದು ರೈಲು 26ರಂದು ಕಳಂಬೋಳಿಗೇ ಬಂತು.

ಬೆಂಕಿ ಇನ್ನೊಂದು ಭಯ. ಆಮ್ಲಜನಕ ಸೋರಿ ಗಾಳಿಯಲ್ಲಿ ಬೆರೆತ ಐಸಿಯುಗಳಲ್ಲಿ ಎ.ಸಿ.ಗಳು, ಯಂತ್ರಗಳು ಹಗಲಿರುಳು ಬಿಡುವಿಲ್ಲದೆ ಓಡುತ್ತಿದ್ದವು. ಒಂದು ಕಿಡಿ ಸಾಕಿತ್ತು. 2014ರವರೆಗೆ ಠಾಣೆ ಜಿಲ್ಲೆಯಲ್ಲೇ ಇದ್ದ ವಿರಾರ್‌ನಲ್ಲಿ ಏಪ್ರಿಲ್ 23ರ ನಸುಕಿನಲ್ಲಿ ವಿಜಯ್ ವಲ್ಲಭ್ ಆಸ್ಪತ್ರೆಯ ಐಸಿಯು ಹೊತ್ತಿಕೊಂಡು ಹನ್ನೆರಡಕ್ಕೂ ಹೆಚ್ಚು ರೋಗಿಗಳು ಸತ್ತರು. ಐದು ದಿನಗಳ ಬಳಿಕ ಮುಂಬ್ರಾದ ಪ್ರೈಮ್ ಕ್ರಿಟಿಕೇರ್ ಆಸ್ಪತ್ರೆಗೆ ಬೆಂಕಿ ಬಿತ್ತು. ಅಲ್ಲಿ ಕೋವಿಡ್ ರೋಗಿಗಳಿರಲಿಲ್ಲ. ಬೇರೆಡೆಗೆ ಸಾಗಿಸುವಾಗ ನಾಲ್ವರು ಪ್ರಾಣ ಬಿಟ್ಟರು. ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರವೆಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ಕಲ್ಯಾಣ-ಡೊಂಬಿವಲಿಯಲ್ಲೂ ಜೀವ ತೆಗೆಯಿತು. ಕಣ್ಣು, ಮೂಗಿನ ವೈದ್ಯರನ್ನು ತುರ್ತು ಪಾಳಿಗೆ ಕರೆಯುವ ಸ್ಥಿತಿ ಬಂತು.

ಮೂರನೇ ಅಲೆ ಡೊಂಬಿವಲಿಯಿಂದಲೇ ರಾಜ್ಯಕ್ಕೆ ಪರಿಚಯವಾಯಿತು. ಕೇಪ್‌ಟೌನ್‌ನಿಂದ ದುಬೈ, ದೆಹಲಿ ಮಾರ್ಗವಾಗಿ ನವೆಂಬರ್ 24, 2021ರಂದು ಮುಂಬೈಗೆ ಬಂದಿದ್ದ ಡೊಂಬಿವಲಿಯ 33 ವರ್ಷದ ಹಡಗಿನ ಎಂಜಿನಿಯರ್ ಒಬ್ಬರಲ್ಲಿ ಒಮಿಕ್ರಾನ್ ಇರುವುದು ಡಿಸೆಂಬರ್ 4ರಂದು ದೃಢಪಟ್ಟಿತು. ಬೆಂಗಳೂರಿನ ಎರಡು ಪ್ರಕರಣಗಳು ಪ್ರಕಟವಾಗಿ ಆಗ ಎರಡೇ ದಿನವಾಗಿತ್ತು. ಪಾಲಿಕೆಯ ಕೇಂದ್ರದಲ್ಲಿದ್ದ ಅವರಿಗೆ ಕಾಯಿಲೆ ತೀವ್ರವಾಗಲಿಲ್ಲ, ಕೆಲವೇ ದಿನಗಳಲ್ಲಿ ಮನೆಗೆ ಮರಳಿದರು. ಜನವರಿ 2022ರಲ್ಲಿ ಸೋಂಕಿತರ ಸಂಖ್ಯೆ ಮತ್ತೆ ಏರಿದರೂ, ಲಸಿಕೆ ಪಡೆದವರೇ ಹೆಚ್ಚಾಗಿದ್ದ ಊರುಗಳಲ್ಲಿ ಬಹುಪಾಲು ಜನ ಮನೆಯಲ್ಲೇ ಗುಣವಾದರು. ಕ್ಯಾಜುವಾಲ್ಟಿಗಳಿಗೆ ಆಗ ಕಾಡಿದ್ದು ರೋಗಿಗಳ ದಟ್ಟಣೆಗಿಂತ, ಸಿಬ್ಬಂದಿ ಒಟ್ಟಿಗೇ ಮಲಗಿದ್ದು.

ಇದೆಲ್ಲದರಲ್ಲಿ ಉಳಿದದ್ದೇನು? ಆಮ್ಲಜನಕದ ಟ್ಯಾಂಕುಗಳು, ಗಾಳಿಯಿಂದಲೇ ಆಮ್ಲಜನಕ ತೆಗೆಯುವ ಪಿಎಸ್‌ಎ ಘಟಕಗಳು, ನೆರೂಳಿನ ಪ್ರಯೋಗಾಲಯ ಉಳಿದವು. ಪ್ರದರ್ಶನ ಕೇಂದ್ರ, ಕ್ರೀಡಾ ಸಂಕುಲಗಳು ಹಳೆಯ ಕೆಲಸಕ್ಕೆ ಮರಳಿದವು, ಅಲ್ಲಿ ದುಡಿದ ಗುತ್ತಿಗೆಯ ವೈದ್ಯರು, ನರ್ಸುಗಳು ಚದುರಿದರು. ಅಕ್ಟೋಬರ್ 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ತುರ್ತು ವೈದ್ಯಕೀಯ ವಿಭಾಗ ಇರಲೇಬೇಕೆಂದು ನಿಯಮ ಮಾಡಿತ್ತು. 2023ರ ಹೊಸ ನಿಯಮಾವಳಿ ಅದನ್ನು ಕಡ್ಡಾಯದ ಪಟ್ಟಿಯಿಂದ ಕೈಬಿಟ್ಟಿತು.

ಠಾಣೆಯ ಸಿವಿಲ್ ಆಸ್ಪತ್ರೆಯನ್ನು ಹೊಸ ಸೂಪರ್ ಸ್ಪೆಷಾಲಿಟಿ ಕಟ್ಟಡಕ್ಕಾಗಿ ತೆರವುಗೊಳಿಸಿ ಮಾನಸಿಕ ಆರೋಗ್ಯ ಆಸ್ಪತ್ರೆಯ ಆವರಣಕ್ಕೆ ಸ್ಥಳಾಂತರಿಸಲಾಯಿತು. ಅದರ ರೋಗಿಗಳು 2020ರಲ್ಲಿ ಹೋದ ಕಡೆಗೇ ಮತ್ತೆ ಹೋದರು. 2023ರ ಆಗಸ್ಟ್ 12–13ರಂದು 24 ಗಂಟೆಗಳಲ್ಲಿ ಕಲ್ವಾ ಆಸ್ಪತ್ರೆಯಲ್ಲಿ 18 ರೋಗಿಗಳು ಸತ್ತರು. ಅನೇಕರು ಕೊನೆಯ ಹಂತದಲ್ಲಿ ಬಂದವರೆಂದು ಆಡಳಿತ ಹೇಳಿತು, ಸಿವಿಲ್‌ನ ಸ್ಥಳಾಂತರದಿಂದ ಹೆಚ್ಚಿದ ಭಾರದ ಮಾತೂ ಬಂತು. ರಾಜ್ಯ ಸರ್ಕಾರ ತನಿಖಾ ಸಮಿತಿ ನೇಮಿಸಿತು. ಆ ವರ್ಷ ಕೋವಿಡ್‌ನ ಅಲೆ ಯಾವುದೂ ಇರಲಿಲ್ಲ.